ಹರಿಗೋಲು ಏರುವ ಮುನ್ನ



ಮಕ್ಕಳೊಡನೆ ಕಾವೇರಿಯಲ್ಲಿ ಜಲವಿಹಾರ ಮಾಡಬಯಸುವ ಗೃಹಸ್ಥರು ಯಾವ ಕೈಪಿಡಿಯನ್ನು, ಯಾವ ನಕ್ಷೆಯನ್ನು ಕೊಳ್ಳಬೇಕೆಂದು ಕೇಳುವುದುಂಟು. ನನ್ನದೇ ಒಂದು ಅವಿವೇಕದಿಂದ ಉತ್ತರವನ್ನು ಆರಂಭಿಸುವೆನು.

ಕೆಲವು ವರ್ಷಗಳ ಕೆಳಗೆ, ಶ್ರಾವಣಮಾಸದಲ್ಲಿ, ಮಲೆ ಮಹದೇಶ್ವರನ ದರ್ಶನ ಮಾಡಿಕೊಂಡು, ಗೋಪಿನಾಥಂ ಮಾರ್ಗವಾಗಿ ಹೊಗೇನಕಲ್ಲಿನ ಈಚೆ ದಡಕ್ಕೆ ಸಂಸಾರಸಮೇತನಾಗಿ ಹೋದೆನು. ಕೈಯಲ್ಲಿದ್ದ ಪ್ರವಾಸಗ್ರಂಥವು ನದಿಯನ್ನು ಪ್ರಶಾಂತವೆಂದು ವರ್ಣಿಸಿತ್ತು, ಆಕಾಶವೂ ನಿರ್ಮಲವಾಗಿತ್ತು. ಅಂಬಿಗನು ಮಾತ್ರ ಹರಿಗೋಲನ್ನು ದಡದಲ್ಲಿ ಬೋರಲು ಹಾಕಿ ಕುಳಿತಿದ್ದನು. ನಾನು ಪುಸ್ತಕವನ್ನು ತೋರಿಸಿ ವಾದಿಸಿದೆನು.

“ಮೇಲಿಂದ ನೀರು ಬಿಟ್ಟವ್ರೆ, ಸ್ವಾಮಿ. ನಿಮ್ಮ ಪುಸ್ತಕಕ್ಕೆ ಅದು ಗೊತ್ತಾಯ್ತದಾ?” ಎಂದನು.

ಮಕ್ಕಳು ಅತ್ತರು, ಹಿಂದಿರುಗಿದೆವು. ಮನೆಯಲ್ಲಿ ಪೀಠಿಕೆಯನ್ನು ಓದಲಾಗಿ, ಗ್ರಂಥಕರ್ತರು ಅಲ್ಲಿಗೆ ಹೋದದ್ದು ಮಾಘಮಾಸದಲ್ಲಿ ಎಂದು ತಿಳಿಯಿತು.

ಆದುದರಿಂದ ಕೈಪಿಡಿಯನ್ನು ಕೊಳ್ಳುವಾಗ ಅಚ್ಚಾದ ವರ್ಷವನ್ನೂ, ಬರೆದವರು ಕಂಡ ಋತುವನ್ನೂ ಮೊದಲು ನೋಡತಕ್ಕದ್ದು. ಕೊಡಗು, ವಯನಾಡುಗಳಲ್ಲಿ ಮಳೆ ಹೆಚ್ಚಿ ಕನ್ನಂಬಾಡಿ, ಕಬಿನಿ ಜಲಾಶಯಗಳಿಂದ ನೀರು ಬಿಟ್ಟರೆ, ಇಲ್ಲಿ ಹನಿ ಬೀಳದಿದ್ದರೂ ನದಿ ಉಕ್ಕುವುದು.

ನಕ್ಷೆಗೂ ವಯಸ್ಸುಂಟು. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿಯುವುದಕ್ಕೆ ಹಿಂದಿನ ನಕ್ಷೆಯಲ್ಲಿ ಹೊಗೇನಕಲ್ಲಿನ ಕೆಳಗಣ ವಿಶಾಲವಾದ ಹಿನ್ನೀರೇ ಇರದು. 1956ಕ್ಕೆ ಹಿಂದಿನದರಲ್ಲಿ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಗೆ ಸೇರಿರುವುದು. ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ನಕ್ಷೆ ದಾರಿ, ಹಳ್ಳ, ಊರುಗಳನ್ನು ತಿಳಿಯಲು ಉತ್ತಮವಾದುದು. ಅದರಲ್ಲಿ ಎತ್ತರವನ್ನು ಸೂಚಿಸುವ ರೇಖೆಗಳು ನದಿಯನ್ನು ಒತ್ತೊತ್ತಾಗಿ ದಾಟಿದ್ದರೆ, ಅಲ್ಲಿ ನೀರು ಕಡಿದಾಗಿ ಇಳಿಯುವುದೆಂದು ಅರ್ಥ. ಆದರೆ ಅದರ ಒಂದು ಮಿಲಿಮೀಟರು ನೆಲದ ಮೇಲೆ 50 ಮೀಟರು. ಹರಿಗೋಲನ್ನು ಮಗುಚುವ ಬಂಡೆ ಅದರಲ್ಲಿ ಕಾಣಿಸುವುದಿಲ್ಲ. ನೀರಿನ ಆಳವನ್ನು ಗುರುತಿಸುವ ನಕ್ಷೆಗಳು ಗಂಗೆಯಂತಹ ನೌಕಾಮಾರ್ಗಗಳಿಗೆ ಏರ್ಪಟ್ಟವು.

ಈ ಪ್ರದೇಶದ ಕಾಡು 1987ರಿಂದ ಕಾವೇರಿ ವನ್ಯಜೀವಿಧಾಮವಾಗಿರುವುದರಿಂದ, ಅರಣ್ಯ ಇಲಾಖೆಯ ನಿಯಮಗಳನ್ನೂ ಹೊರಡುವ ಮುನ್ನವೇ ವಿಚಾರಿಸಬೇಕು. ಪುಸ್ತಕವೂ ನಕ್ಷೆಯೂ ನಮ್ಮನ್ನು ದಡದವರೆಗೆ ತಲಪಿಸುವುವು. ಅಲ್ಲಿಂದ ಮುಂದೆ ಆ ದಿನದ ನೀರನ್ನು ಬಲ್ಲವನು ಅಂಬಿಗನು. ಅವನು ಬೇಡವೆಂದರೆ ಹೆಚ್ಚು ಹಣದ ಆಸೆ ತೋರಿಸಲಾಗದು.

ನಾವು ಮರುವರ್ಷದ ಮಾಘದಲ್ಲಿ ಪುನಃ ಹೋದೆವು. ಅದೇ ಅಂಬಿಗನು ಮಕ್ಕಳಿಗೆ ತೇಲುವ ಅಂಗಿಗಳನ್ನು ತಾನೇ ಬಿಗಿದು ಕಟ್ಟಿ, ಹರಿಗೋಲನ್ನು ನೀರಿಗಿಳಿಸಿದನು. ಪುಸ್ತಕವು ಚೀಲದಲ್ಲಿಯೇ ಉಳಿಯಿತು.