ಕಲಿಸದೆ ಬೆಂಕಿಗೆ ಕಳಿಸಬೇಡಿ

ಕಾಡಂಚಿನ ಊರುಗಳ ಬಂಧುಗಳೇ,

ಸಂಕ್ರಾಂತಿ ಕಳೆದರೆ ನಮ್ಮ ಹುಡುಗರಿಗೆ ಬೆಂಕಿ ವಾಚರ್ ಕೆಲಸ. ಕೈಗೊಂದು ಮಚ್ಚು, ಹಸಿ ಸೊಪ್ಪಿನ ಕೊಂಬೆ. ಹೊಗೆ ಕಂಡತ್ತ ಓಡು ಎಂಬ ಅಪ್ಪಣೆ. ನೊಗಕ್ಕೆ ಹೂಡುವ ಮುನ್ನ ಹೋರಿಯನ್ನೂ ಪಳಗಿಸುತ್ತೇವೆ. ಈ ಹುಡುಗರಿಗೆ ಅಷ್ಟೂ ಬೇಡವೆ?

2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಜೀವ ತೆತ್ತರು. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಾಡಿನಲ್ಲಿ ಮತ್ತೊಬ್ಬರು. ಇಲಾಖೆಯವರಿಗೇ ಹೀಗಾದರೆ ಮೂರು ತಿಂಗಳ ದಿನಗೂಲಿಯವನ ಪಾಡೇನು?

2019ರಲ್ಲಿ ಬಂಡೀಪುರ ಹೊತ್ತಿ ಉರಿದಾಗ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿದವು. ಊರೂರಿನಿಂದ ಯುವಕರೂ ಓಡಿಬಂದರು. ಅವರ ಮನಸ್ಸಿಗೆ ಕೈಮುಗಿಯೋಣ. ಆದರೆ ಬೆಂಕಿಯ ಝಳಕ್ಕೆ ಪಾಲಿಯೆಸ್ಟರ್ ಅಂಗಿ ಕರಗಿ ಚರ್ಮಕ್ಕೆ ಅಂಟುತ್ತದೆಂದು ಮೊದಲೇ ಹೇಳುವವರು ಬೇಕಲ್ಲ.

"ಬೆಂಕಿ ನಮಗೇನು ಹೊಸದೇ?" ಎನ್ನುವವರುಂಟು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗಂತೂ ಹೊಸದಲ್ಲ. ಅವರ ತರಗು ಬೆಂಕಿ ನೆಲದ ಒಣ ಎಲೆಯನ್ನಷ್ಟೇ ತಿಂದು ಆರುತ್ತಿತ್ತು. ಈಗ ಆಳೆತ್ತರದ ಲಂಟಾನ ಬೆಳೆದು ಬೆಂಕಿಗೆ ಮರದ ತಲೆಯವರೆಗೆ ಏಣಿ ಇಟ್ಟಿದೆ. ಹಿರಿಯರ ಅರಿವು ಬೇಕು. ಅವರನ್ನೇ ಮೇಷ್ಟ್ರಾಗಿ ಕೂರಿಸೋಣ, ಸಂಬಳ ಕೊಟ್ಟು.

ಕಲಿಯುವುದು ಬೇಕಾದಷ್ಟಿದೆ. ಏರಿನಲ್ಲಿ ಬೆಂಕಿ ನಮಗಿಂತ ಜೋರಾಗಿ ಓಡುತ್ತದೆ. ಕೆಳಗೆ ಉರಿಯುತ್ತಿರುವಾಗ ಮೇಲೆ ನಿಲ್ಲಬಾರದು. ಸುಟ್ಟು ತಣಿದ ಕರಿನೆಲವೇ ಆಸರೆ. ಅಲ್ಲಿಗೆ ಹೋಗುವ ದಾರಿಯನ್ನು ಕೆಲಸಕ್ಕೆ ಮೊದಲೇ ನೋಡಿಟ್ಟುಕೊಳ್ಳಬೇಕು. ಗಾಳಿ ತಿರುಗುವುದನ್ನು ನೋಡಿ ಸೀಟಿ ಊದಲೆಂದೇ ಒಬ್ಬನಿರಬೇಕು. ತರಗು ಗುಡಿಸಿದ ಮಾತ್ರಕ್ಕೆ ಬೆಂಕಿ ರೇಖೆಯಾಗದು, ಬೇರು ಕಡಿದು ಬರಿಮಣ್ಣು ಕಾಣಬೇಕು. ಎದುರು ಬೆಂಕಿ ಕೊಡುವುದು ನುರಿತವರ ಕೆಲಸ, ಲೆಕ್ಕ ತಪ್ಪಿದರೆ ಸುತ್ತುವರಿಯುವುದು ನಮ್ಮವರನ್ನೇ. ಆರಿತೆಂದು ಮನೆಗೆ ಹೊರಡುವಂತೆಯೂ ಇಲ್ಲ: ಕೊರಡಿನ ಹೊಟ್ಟೆಯಲ್ಲಿ, ಆನೆ ಲದ್ದಿಯೊಳಗೆ ಉಳಿದ ಕೆಂಡ ಮರುದಿನ ಗಾಳಿಗೆ ಏಳುತ್ತದೆ. ಅಂಗೈಯ ಹಿಂಬದಿ ಹಿಡಿದು ಕಾವು ನೋಡುವುದನ್ನೂ ಕಲಿಯಬೇಕು.

ಅಮೆರಿಕದಲ್ಲಿ ಕಾಡ್ಗಿಚ್ಚಿನ ಮುಂಚೂಣಿಗೆ ಹೋಗುವವರು ಸುಮಾರು 20 ಕೆ.ಜಿ. ಹೊತ್ತು 45 ನಿಮಿಷದಲ್ಲಿ 3 ಮೈಲಿ ನಡೆದು ತೋರಿಸಬೇಕು. ದಿನವೂ ಬೆಟ್ಟ ಹತ್ತುವ ನಮ್ಮ ಹುಡುಗರಿಗೆ ಅದೇನು ಮಹಾ! ಅಲ್ಲಿಂದ ತರಬೇಕಾದದ್ದು ಬೇರೆ: ಹಳಬರೂ ವರ್ಷವರ್ಷ ಮತ್ತೆ ಸುರಕ್ಷತೆಯ ಪಾಠಕ್ಕೆ ಕೂರುವ ಕ್ರಮ.

ನಮ್ಮ ಬೇಡಿಕೆ ಇಷ್ಟೇ. ಡಿಸೆಂಬರ್‌ನಲ್ಲಿ ಪ್ರತಿ ವಲಯದಲ್ಲೂ ಐದು ದಿನದ ತರಬೇತಿ ನಡೆಯಲಿ, ಆ ದಿನಗಳಿಗೂ ಕೂಲಿ ಸಿಗಲಿ. ಹತ್ತಿ ಬಟ್ಟೆ, ಬೂಟು, ಹೆಲ್ಮೆಟ್, ತಂಡಕ್ಕೊಂದು ವಾಕಿಟಾಕಿ, ತಲೆಗೊಂದು ವಿಮೆ ಬರಲಿ. ತರಬೇತಿ ಇಲ್ಲದವರು, ಎಷ್ಟೇ ಹುಮ್ಮಸ್ಸಿದ್ದರೂ, ನೀರು ಊಟ ಸಾಗಿಸಲಿ. ಬೆಂಕಿಯ ಬಳಿ ಬೇಡ.

ಮುಂದಿನ ಗ್ರಾಮಸಭೆಯಲ್ಲಿ ಇದನ್ನು ನಿರ್ಣಯ ಮಾಡಿಸಿ. ಒಂದು ಪ್ರತಿ ವಲಯ ಅರಣ್ಯಾಧಿಕಾರಿಗೆ ಕೊಡಿ, ಇನ್ನೊಂದಕ್ಕೆ ಕಚೇರಿಯ ಸೀಲು ಹಾಕಿಸಿಕೊಂಡೇ ಬನ್ನಿ.