ಜ್ಯೂರಿ ಹೋಯಿತು, ಪಂಚರ ಆಯ್ಕೆ ಹೇಗೆ?

ಶಿವಮೊಗ್ಗ: ಕೊಲೆ ಪ್ರಕರಣದ ವಿಚಾರಣೆ ಶಿವಮೊಗ್ಗದಲ್ಲಿ ನಡೆಯಲಿ, ಭದ್ರಾವತಿಯಲ್ಲಿ ನಡೆಯಲಿ, ಆರೋಪಿ ತಪ್ಪಿತಸ್ಥನೇ ಎಂಬುದನ್ನು ನಿರ್ಧರಿಸುವವರು ನ್ಯಾಯಾಧೀಶರೇ. ಜನಸಾಮಾನ್ಯರಿಗೆ ಆ ಹೊಣೆ ನೀಡಿದ್ದ ಜ್ಯೂರಿ ಪದ್ಧತಿಗೆ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಸ್ಥಾನ ದೊರೆಯಲಿಲ್ಲ.

ಅದಕ್ಕೂ ಹಿಂದಿನ 1898ರ ಸಂಹಿತೆಯಲ್ಲಿ ಆಯ್ಕೆಗೊಂದು ಕ್ರಮವಿತ್ತು. ಸೆಷನ್ಸ್ ನ್ಯಾಯಾಧೀಶರು ಮತ್ತು ಕಲೆಕ್ಟರ್ ಅರ್ಹರ ಪಟ್ಟಿ ಸಿದ್ಧಪಡಿಸಬೇಕಿತ್ತು. ಕರೆ ಬಂದವರಲ್ಲಿ ಚೀಟಿ ಎತ್ತಿ ಜ್ಯೂರಿಯನ್ನು ಆರಿಸಲಾಗುತ್ತಿತ್ತು. ಪಕ್ಷಪಾತದ ಶಂಕೆಯಿದ್ದರೆ ಆಕ್ಷೇಪಿಸಲು ಅವಕಾಶವಿತ್ತು. ಆದರೂ ಪದ್ಧತಿ ದೋಷಮುಕ್ತವಾಗಿರಲಿಲ್ಲ. 1959ರ ನಾನಾವತಿ ಪ್ರಕರಣದಲ್ಲಿ ಮುಂಬಯಿಯ ಜ್ಯೂರಿ 8-1ರ ಬಹುಮತದಿಂದ ಆರೋಪಿಯನ್ನು ನಿರ್ದೋಷಿ ಎಂದಿತು. ಅದನ್ನು ತಳ್ಳಿಹಾಕಿ ಹೈಕೋರ್ಟ್ ವಿಧಿಸಿದ ಜೀವಾವಧಿ ಶಿಕ್ಷೆಯನ್ನು 1961ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಇಂದು ನಾಗರಿಕರಿಗೆ ಉಳಿದಿರುವುದು ಪಂಚ ಸಾಕ್ಷಿಯ ಪಾತ್ರ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 103ನೇ ಕಲಮಿನಂತೆ, ಶೋಧಕ್ಕೆ ಮುನ್ನ ಆ ಪ್ರದೇಶದ ಕನಿಷ್ಠ ಇಬ್ಬರು ಸ್ವತಂತ್ರ, ಗೌರವಾನ್ವಿತ ನಿವಾಸಿಗಳನ್ನು ಕರೆಯಬೇಕು. ಲಿಖಿತ ಆದೇಶವಿದ್ದೂ ಸಕಾರಣವಿಲ್ಲದೆ ನಿರಾಕರಿಸುವುದು ಅಪರಾಧ.

ಇಲ್ಲಿ ಪಟ್ಟಿಯಿಲ್ಲ, ಚೀಟಿಯಿಲ್ಲ, ಆಕ್ಷೇಪಣೆಯ ಹಂತವೂ ಇಲ್ಲ. ಪಂಚರನ್ನು ಆರಿಸುವವರು ಶೋಧ ನಡೆಸುವ ಅಧಿಕಾರಿಯೇ. ಪೊಲೀಸರಿಗೆ ಪರಿಚಿತರೇ ಪದೇ ಪದೇ ಪಂಚರಾದರೆ ಪ್ರತಿವಾದಿ ವಕೀಲರ ಪಾಟೀಸವಾಲು ಸುಲಭವಾಗುತ್ತದೆ; ಅಪರಿಚಿತರು ವರ್ಷಗಳ ಬಳಿಕ ಪ್ರತಿಕೂಲ ಸಾಕ್ಷಿಗಳಾದರೆ ಮಹಜರು ದುರ್ಬಲವಾಗುತ್ತದೆ. ಎರಡರಲ್ಲೂ ನಷ್ಟ ನ್ಯಾಯಕ್ಕೇ.

ಹೊಸ ಸಂಹಿತೆಯ 105ನೇ ಕಲಂ ಶೋಧದ ವಿಡಿಯೋ ಚಿತ್ರೀಕರಣವನ್ನು ಕಡ್ಡಾಯಗೊಳಿಸಿರುವುದು ಸ್ವಾಗತಾರ್ಹ. ಆದರೆ ಕ್ಯಾಮೆರಾ ಶೋಧವನ್ನು ತೋರಿಸಬಲ್ಲದು, ಪಂಚರ ನಿಷ್ಪಕ್ಷಪಾತವನ್ನಲ್ಲ. ಜ್ಯೂರಿ ಮರಳಬೇಕಿಲ್ಲ, ಅದರ ಪಟ್ಟಿ ಮತ್ತು ಚೀಟಿಯ ಕ್ರಮವನ್ನು ಪಂಚರ ಆಯ್ಕೆಗೆ ಅಳವಡಿಸಬಹುದೇ ಎಂಬುದು ಚರ್ಚೆಯಾಗಬೇಕಿದೆ.