ಬೇಟೆಗಾರನ ಡೇರೆ: ತೂಕವೊಂದೇ ಪ್ರಮಾಣವೆ?

ಸಂಸ್ಕೃತದಲ್ಲಿ ಡೇರೆಗೆ ವಸ್ತ್ರವೇಶ್ಮವೆಂಬ ಹೆಸರುಂಟು. ಬಟ್ಟೆಯ ಮನೆಯೆಂದು ಅದರರ್ಥ. ಇಲ್ಲಿ ಮನೆಯೆಂಬುದೇ ಪ್ರಧಾನವು. ಬಟ್ಟೆಯೆಂಬುದು ಅದರ ವಿಶೇಷಣಮಾತ್ರವು. ಅಮೆರಿಕಾದ ರಾಕಿ ಪರ್ವತಗಳಲ್ಲಿ ಎಲ್ಕ್ ಎಂಬ ಭಾರೀ ಜಾತಿಯ ಜಿಂಕೆಯನ್ನು ಬೇಟೆಯಾಡಲು ಹೆಗಲ ಮೇಲೆ ಬಿಡಾರವನ್ನು ಹೊತ್ತು ಹೊರಡುವವರಲ್ಲಿ ಈಚೆಗೆ ಬಲವಾಗಿ ಬೇರೂರಿರುವ ಒಂದು ಮತವು ಈ ಕ್ರಮವನ್ನು ತಲೆಕೆಳಗು ಮಾಡಿಬಿಟ್ಟಿದೆ. ತಕ್ಕಡಿಯಲ್ಲಿ ಯಾವ ಡೇರೆಯು ಎಲ್ಲಕ್ಕಿಂತ ಮೇಲಕ್ಕೇಳುವುದೋ ಅದೇ ಸರ್ವೋತ್ತಮವೆಂದು ಆ ಮತದವರು ಸಾರುತ್ತಾರೆ. ಈ ಸಿದ್ಧಾಂತವು ಅಂಗಡಿಯವನಿಗೆ ಹಿತವಾದೀತು. ಅಕ್ಟೋಬರ್ ತಿಂಗಳ ಹಿಮಗಾಳಿಯಲ್ಲಿ ಮಲಗಬೇಕಾದವನಿಗೆ ಎಂದಿಗೂ ಹಿತವಲ್ಲ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಶಾಸನವೂ ಅದಕ್ಕೆ 1991ರಲ್ಲಿ ಬಂದ ತಿದ್ದುಪಡಿಯೂ ಬೇಟೆಯ ವಿನೋದಕ್ಕೆ ತೆರೆಯೆಳೆದಿವೆ. ಆದಕಾರಣ ಈ ವಿಚಾರವನ್ನು ಅದು ಕಾನೂನಿನ ಅನುಮತಿಯಿಂದ ನಡೆಯುವ ದೇಶದಲ್ಲಿಯೇ ನೋಡತಕ್ಕದ್ದು. ಬೇಟೆಯು ಧರ್ಮವೋ ಅಧರ್ಮವೋ ಎಂಬುದು ಬೇರೆಯೇ ಚರ್ಚೆ. ಬೆಟ್ಟಕ್ಕೆ ಹೋದವನು ಜೀವಸಹಿತ ಹಿಂದಿರುಗಬೇಕೆಂಬುದರಲ್ಲಿ ಮಾತ್ರ ಎರಡು ಮತಗಳಿರಲಾರವು.

ಪೂರ್ವಪಕ್ಷಕ್ಕೆ ನ್ಯಾಯವನ್ನು ಸಲ್ಲಿಸಿಯೇ ಮುಂದೆ ಹೋಗಬೇಕು. ಹಳೆಯ ಕ್ಯಾನ್ವಾಸಿನ ಡೇರೆಯು ಕಂಬ, ಚೌಕಟ್ಟು, ಒಲೆಗಳೊಡನೆ ನೂರು ಪೌಂಡಿಗೂ ಮೀರುವುದುಂಟು. ಕುದುರೆ, ಹೇಸರಗತ್ತೆಗಳಿಲ್ಲದೆ ಅದು ಬೆಟ್ಟವನ್ನೇರದು. ದಾರಿಯಿಲ್ಲದ ಕಾಡಿನೊಳಕ್ಕೆ ಐದಾರು ಮೈಲಿ ನಡೆಯುವವನಿಗೆ ಅದು ಸಲ್ಲದೆಂಬುದು ನಿರ್ವಿವಾದವು. ಹಗುರದ ಮತಕ್ಕೆ ಗೌರವಾರ್ಹವಾದ ಪರಂಪರೆಯೂ ಇದೆ. 1955ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ವೃದ್ಧೆಯು ಒಂದು ಬಟ್ಟೆಯ ಚೀಲವನ್ನು ಹೆಗಲಿಗೇರಿಸಿ, ಮಳೆಗೆ ಮರೆಯಾಗಿ ಬಚ್ಚಲಮನೆಯ ಪರದೆಯೊಂದನ್ನು ಇಟ್ಟುಕೊಂಡು, ಸುಮಾರು 2,000 ಮೈಲಿಗಳ ಅಪಲೇಷಿಯನ್ ಹಾದಿಯನ್ನು ಒಬ್ಬಳೇ ನಡೆದು ಮುಗಿಸಿದಳು. 1990ರ ದಶಕದಲ್ಲಿ ರೇ ಜಾರ್ಡಿನ್ ಎಂಬಾತನ ಗ್ರಂಥದಿಂದ ಈ ಮತಕ್ಕೆ ಶಾಸ್ತ್ರದ ರೂಪವು ಬಂದಿತು. ಅನ್ನ, ನೀರುಗಳನ್ನು ಬಿಟ್ಟು ಉಳಿದ ಹೊರೆಯು 10 ಪೌಂಡಿನೊಳಗಿರಬೇಕೆಂಬುದು ಇಂದು ಅದರ ಸೂತ್ರವು.

ಆದರೆ ಪ್ರತಿಯೊಂದು ಶಾಸ್ತ್ರಕ್ಕೂ ಒಬ್ಬ ಅಧಿಕಾರಿಯುಂಟು. ಈ ಸೂತ್ರವು ಹುಟ್ಟಿದ್ದು ದೂರಯಾತ್ರಿಕನಿಗಾಗಿ. ಅವನು ನಡೆಯುವುದು ಬಹುಮಟ್ಟಿಗೆ ಬೇಸಗೆಯಲ್ಲಿ. ದಿನಕ್ಕೊಂದೆಡೆ ತಂಗುತ್ತಾನೆ, ವಾರಕ್ಕೊಮ್ಮೆ ಊರಿಗಿಳಿದು ಬಟ್ಟೆ ಒಣಗಿಸಿಕೊಳ್ಳುತ್ತಾನೆ. ಎಲ್ಕ್ ಬೇಟೆಗಾರನು ಹೊರಡುವುದು ಸೆಪ್ಟೆಂಬರ್‌ನಿಂದ ನವೆಂಬರಿನವರೆಗೆ. ಕೊಲೊರಾಡೊ ಪ್ರಾಂತದಲ್ಲಿ 10,000 ಅಡಿಗಳ ಮೇಲೆ ಸೆಪ್ಟೆಂಬರಿನಲ್ಲಿಯೇ ಹಿಮ ಬೀಳುವುದುಂಟು. ಅವನು ಒಂದೇ ತಾಣದಲ್ಲಿ ನಾಲ್ಕೈದು ರಾತ್ರಿ ಇರುತ್ತಾನೆ; ಬೆಳಗಾಗುವ ಮುನ್ನ ಡೇರೆಯನ್ನು ಬಿಟ್ಟು, ಕತ್ತಲಾದ ಮೇಲೆ ಬೆವರಿನಿಂದಲೂ ಮಂಜಿನಿಂದಲೂ ತೊಯ್ದು ಹಿಂದಿರುಗುತ್ತಾನೆ. ಇವನಿಗೆ ಅವನ ಸೂತ್ರವನ್ನು ಹೇಳುವುದೆಂದರೆ, ಗ್ರೀಷ್ಮದ ಪಥ್ಯವನ್ನು ಹೇಮಂತದಲ್ಲಿ ವಿಧಿಸಿದಂತಾಯಿತು.

ಮೊದಲು ಆ ತೂಕದ ಅಂಕವನ್ನೇ ಪರೀಕ್ಷಿಸಬಹುದು. ಮಾರುವವರು ದೊಡ್ಡ ಅಕ್ಷರದಲ್ಲಿ ಅಚ್ಚುಹಾಕುವ ಕನಿಷ್ಠ ತೂಕದಲ್ಲಿ ಗೂಟ, ಹಗ್ಗ, ಚೀಲಗಳು ಸಾಮಾನ್ಯವಾಗಿ ಸೇರಿರುವುದಿಲ್ಲ. ಗೂಟವಿಲ್ಲದೆ ಗಾಳಿಗೆ ನಿಲ್ಲುವ ಡೇರೆಯನ್ನು ಕಂಡವರಿಲ್ಲ. ಎಷ್ಟೋ ಹಗುರದ ಡೇರೆಗಳಿಗೆ ಸ್ವಂತದ ಕಂಬವೇ ಇಲ್ಲ. ನಡೆಯುವಾಗ ಊರುವ ಕೋಲುಗಳನ್ನೇ ಕಂಬವಾಗಿ ನಿಲ್ಲಿಸಬೇಕು. ಯಾತ್ರಿಕನಿಗೆ ಇದು ಜಾಣತನವೇ ಸರಿ. ಅವನು ನಡೆಯುವಾಗ ಡೇರೆಯು ಚೀಲದಲ್ಲಿರುತ್ತದೆ. ಬೇಟೆಗಾರನಿಗಾದರೋ ಹಗಲೆಲ್ಲ ಡೇರೆಯೂ ನಿಂತಿರಬೇಕು, ಇಳಿಜಾರಿನಲ್ಲಿ ಹೊರೆ ಹೊರಲು ಕೋಲುಗಳೂ ಕೈಯಲ್ಲಿರಬೇಕು. ಒಂದೇ ಕೋಲು ಏಕಕಾಲದಲ್ಲಿ ಎರಡೆಡೆ ಇರುವುದೆಂತು?

ಒಂದೇ ಪದರದ ಡೇರೆಯ ಗತಿಯೂ ಹೀಗೆಯೇ. ಮಲಗಿದವನ ಉಸಿರಿನ ತೇವವು ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ. ಡೇರೆಯು ಕಿರಿದಾದುದರಿಂದ ತಲೆಯೂ ಕಾಲೂ ಆ ಗೋಡೆಗೆ ಒರಗುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಗಾದೆಯನ್ನು ಪಾಲಿಸಿದರೂ ಇಲ್ಲಿ ರಕ್ಷಣೆಯಿಲ್ಲ. ಹಕ್ಕಿಯ ಮೃದುಗರಿಯನ್ನು ತುಂಬಿದ ಹೊದಿಕೆಯು ನೆನೆದರೆ ಬಿಸುಪನ್ನು ಕಳೆದುಕೊಳ್ಳುತ್ತದೆ. ಮೈಯ ಶಾಖವು ತಗ್ಗಿದಂತೆ ಮೊದಲು ನಡುಕವು, ಬಳಿಕ ಬುದ್ಧಿಭ್ರಮೆಯು. ತಾನು ಅಪಾಯದಲ್ಲಿರುವೆನೆಂಬ ಅರಿವೇ ಆ ವೇಳೆಗೆ ಅಳಿದಿರುತ್ತದೆ. ಕೆಲವು ಔನ್ಸುಗಳ ಉಳಿತಾಯಕ್ಕೆ ತೆರಬೇಕಾಗಿ ಬರಬಹುದಾದ ಬೆಲೆಯಿದು.

ಬಟ್ಟೆಯನ್ನು ದೂಷಿಸುವುದು ಇಲ್ಲಿಯ ಉದ್ದೇಶವಲ್ಲ. ಹಾಯಿದೋಣಿಗಳ ಹಾಯಿಗಾಗಿ ಹುಟ್ಟಿದ ಡೈನೀಮಾ ಹಾಳೆಯು ನೀರನ್ನು ಕುಡಿಯದು, ಹಿಗ್ಗದು. ಆದರೆ ಉಜ್ಜಾಟಕ್ಕೂ ಚುಚ್ಚುವಿಕೆಗೂ ಬೇಗ ಸೋಲುತ್ತದೆ, ಶಾಖಕ್ಕೆ ಕರಗುತ್ತದೆ, ಬೆಲೆಯಲ್ಲಿ ಮಿಕ್ಕೆಲ್ಲವನ್ನೂ ಮೀರುತ್ತದೆ. ಸಿಲಿಕೋನ್ ಬಳಿದ ನೈಲಾನ್ ಅಗ್ಗವೂ ಗಟ್ಟಿಯೂ ಹೌದು. ನೆನೆದರೆ ಜೋಲುತ್ತದೆ, ನಡುರಾತ್ರಿ ಎದ್ದು ಹಗ್ಗವನ್ನು ಬಿಗಿಯಬೇಕು. ಗುಣದೋಷಗಳು ಎರಡಕ್ಕೂ ಉಂಟು. ತಕ್ಕಡಿಯು ಅವುಗಳಲ್ಲಿ ಒಂದನ್ನಾದರೂ ತೋರಿಸದು.

ಬೇಟೆ ದೊರೆತರೆ ಮಾಂಸವನ್ನು ಹೊರಬೇಕಲ್ಲವೇ, ಅದಕ್ಕಾಗಿಯೇ ಹಗುರವೆಂದು ಆಕ್ಷೇಪಿಸಬಹುದು. ಈ ಆಕ್ಷೇಪಕ್ಕೆ ಸಮಾಧಾನವು ಲೆಕ್ಕದಲ್ಲಿಯೇ ಇದೆ. ಬೆಳೆದ ಗಂಡು ಎಲ್ಕಿನ ಎಲುಬು ತೆಗೆದ ಮಾಂಸವು ಸುಮಾರು 200 ಪೌಂಡು. ತಿನ್ನಬಹುದಾದುದನ್ನು ಕಾಡಿನಲ್ಲಿ ಕೊಳೆಯಬಿಡುವುದು ಕೊಲೊರಾಡೊದಲ್ಲಿ ಅಪರಾಧವು. 50 ಪೌಂಡಿನಂತೆ ಹೊತ್ತರೂ ನಾಲ್ಕು ಸಲ ಹೋಗಿಬರಬೇಕು. ಆ ಓಡಾಟದುದ್ದಕ್ಕೂ ಡೇರೆಯು ತನ್ನ ತಾಣದಲ್ಲಿಯೇ ನಿಂತಿರುತ್ತದೆ. ಗಟ್ಟಿಯಾದ ಡೇರೆಗೂ ಅತಿ ಹಗುರದ ಡೇರೆಗೂ ಇರುವ ಎರಡು ಪೌಂಡಿನ ಅಂತರವು ಬೆನ್ನಿಗೆ ತಗಲುವುದು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಇಬ್ಬರು ಜೊತೆಯಾದರೆ ಅದೂ ಅರ್ಧವಾಗುತ್ತದೆ. ಹೊರೆಯನ್ನು ಹೊರಬೇಕಾದವನಿಗೆ ಒಣಗಿದ ಮೈಯೂ ತುಂಬು ನಿದ್ರೆಯೂ ಆ ಎರಡು ಪೌಂಡಿಗಿಂತ ಹೆಚ್ಚಿನ ಬಲವನ್ನು ಕೊಡುತ್ತವೆ.

ಆದುದರಿಂದ ಆಯ್ಕೆಯ ಕ್ರಮವು ಹೀಗಿರತಕ್ಕದ್ದು. ಗಾಳಿಗೂ ಹಿಮಕ್ಕೂ ನಿಲ್ಲುವುದೇ ಎಂಬುದು ಮೊದಲನೆಯ ಪ್ರಶ್ನೆ. ಒಂದಕ್ಕೊಂದು ಅಡ್ಡಹಾಯುವ ಸ್ವಂತ ಕಂಬಗಳ ಗುಮ್ಮಟವಾಗಲಿ, ಹಿಮವು ಜಾರಿಬೀಳುವಂಥ ಕಡಿದಾದ ಶಂಕುವಾಗಲಿ ಇದಕ್ಕೆ ಉತ್ತರವಾಗಬಲ್ಲದು. ಒಳಗೆ ಒಣಗಿರುವುದೇ ಎಂಬುದು ಎರಡನೆಯದು. ಒಬ್ಬನು ತನ್ನ ಸಾಮಾನಿನೊಡನೆ ಕುಳಿತು ಬಟ್ಟೆ ಬದಲಿಸಲು ಎಡೆಯಿದೆಯೇ ಎಂಬುದು ಮೂರನೆಯದು. ಒಲೆಯನ್ನು ಒಯ್ಯುವವನು ಹೊಗೆಗೊಳವೆಗೆ ತಕ್ಕ ರಂಧ್ರವನ್ನೂ ಗಾಳಿಯ ಹಾದಿಯನ್ನೂ ನೋಡಬೇಕು. ಮುಚ್ಚಿದ ಡೇರೆಯಲ್ಲಿ ಇಂಗಾಲದ ಮಾನಾಕ್ಸೈಡು ವಾಸನೆಯಿಲ್ಲದೆ ಕೊಲ್ಲುತ್ತದೆ. ಈ ಪರೀಕ್ಷೆಗಳಲ್ಲಿ ಗೆದ್ದುಬಂದವುಗಳನ್ನು ಮಾತ್ರ ತಕ್ಕಡಿಯಲ್ಲಿಟ್ಟು, ಅವುಗಳೊಳಗೆ ಹಗುರವಾದುದನ್ನು ಕೊಳ್ಳಲಿ. ತೂಕವು ಕೊನೆಯ ತೀರ್ಪುಗಾರನಾಗಬಹುದು, ಮೊದಲನೆಯ ಸಾಕ್ಷಿಯಾಗಬಾರದು. ಅಡಿಕೆಗೆ ಹೋದ ಮಾನವು ಆನೆ ಕೊಟ್ಟರೂ ಬಾರದೆನ್ನುತ್ತಾರೆ. ಔನ್ಸಿಗೆ ಹೋದ ಪ್ರಾಣದ ವಿಷಯದಲ್ಲಿಯೂ ಆ ಮಾತು ಸಲ್ಲುತ್ತದೆ.